ರತ್ನಮ್ಮನಿಗೆ ಯಾರೂ ಹೇಳದ ಹೆಸರು

ಚರ್ಮರೋಗ ವಿಭಾಗದಲ್ಲಿ ಸೀಟು ಸಿಕ್ಕಿತೆಂದು ಸಿಹಿ ಹಿಡಿದುಕೊಂಡು ನಮ್ಮ ಮನೆಗೆ ಬರುವ ಹುಡುಗ ಹುಡುಗಿಯರಿದ್ದಾರೆ. ನಾನು ನಿವೃತ್ತಳಾದ ಮೇಲೂ ನೆನಪಿಟ್ಟುಕೊಂಡು ಬರುತ್ತಾರೆ, ಸಂತೋಷ. ಆದರೆ ಕುರ್ಚಿಯಲ್ಲಿ ಕೂತ ಕೂಡಲೇ ಎಲ್ಲರದೂ ಒಂದೇ ಹಾಡು. "ಆರಾಮ ಮೇಡಂ. ನೈಟ್ ಡ್ಯೂಟಿ ಇಲ್ಲ, ಎಮರ್ಜೆನ್ಸಿ ಇಲ್ಲ, ನಮ್ಮ ಪೇಷಂಟ್ ಯಾರೂ ಸಾಯಲ್ಲ." ಆಗ ನನಗೆ ಬರುವ ಸಿಟ್ಟಿಗೆ ಕೈಯಲ್ಲಿರುವ ಬಿಸಿ ಕಾಫಿ ಅವರ ಮೇಲೆ ಹೋಗದೆ ಉಳಿಯುವುದು ಅವರ ಪುಣ್ಯ. ಯಾರೂ ಸಾಯುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು? ನಮ್ಮ ರೋಗಿಗಳೂ ಸಾಯುತ್ತಾರೆ. ಹಲವರು ಕೈಯಲ್ಲೊಂದು ಮುಲಾಮಿನ ಟ್ಯೂಬು ಹಿಡಿದುಕೊಂಡೇ ಸಾಯುತ್ತಾರೆ. ಅದನ್ನು ಬರೆದುಕೊಟ್ಟವರು ನಾವು.

ನಾನು ಹುಟ್ಟಿದ್ದು ಹೊಳೆನರಸೀಪುರ. ಕೆಲಸ ಮಾಡಿದ್ದು ಅರಕಲಗೂಡು, ಚನ್ನರಾಯಪಟ್ಟಣ, ಕೊನೆಗೆ ಬಹಳ ವರ್ಷ ಹಾಸನ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಬರೆದರೆ ವಕೀಲರಿಗೆ ಕೆಲಸ ಕೊಟ್ಟಂತಾಗುತ್ತದೆ. ನರ್ಸುಗಳು ನನ್ನ ಬೆನ್ನ ಹಿಂದೆ 'ಸಿಡುಕು ಡಾಕ್ಟ್ರು' ಎನ್ನುತ್ತಿದ್ದರು. ಅದು ನನಗೆ ಗೊತ್ತಿದೆ ಎಂಬುದೂ ಅವರಿಗೆ ಗೊತ್ತಿತ್ತು. ಎಲ್ಲಿ ಯಾವ ಹುದ್ದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ. ಸಿಟ್ಟು ಎಲ್ಲಿಂದ ಬಂತು ಎಂಬುದು ಬೇಕು.

ಅರ್ಧ ಸಿಟ್ಟು ಮೆಡಿಕಲ್ ಸ್ಟೋರಿನಿಂದ ಬಂದದ್ದು. ಹಿರೀಸಾವೆಯ ಹೆದ್ದಾರಿ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವನೊಬ್ಬ ಬಂದಿದ್ದ. ದಿನವಿಡೀ ಒದ್ದೆ ಬಟ್ಟೆಯಲ್ಲಿ ನಿಂತು ತೊಡೆಸಂದಿಗೆ ಹುಳುಕಡ್ಡಿ ಹತ್ತಿತ್ತು. ಮೆಡಿಕಲ್‌ನವನು ಸ್ಟೀರಾಯ್ಡೂ ಸೇರಿದಂತೆ ಮೂರು ಔಷಧಿ ಬೆರೆಸಿದ ಕ್ರೀಮು ಕೊಟ್ಟಿದ್ದಾನೆ, ಹಚ್ಚಿದ ಎರಡೇ ದಿನಕ್ಕೆ ಕಡಿತ ನಿಂತಿದೆ. ಬಿಟ್ಟರೆ ಮತ್ತೆ ಹುಟ್ಟಿದೆ, ಮತ್ತೆ ಹಚ್ಚಿದ್ದಾನೆ. ನನ್ನ ಮುಂದೆ ನಿಂತಾಗ ತೊಡೆಯ ಚರ್ಮ ಹರಿದು ಗೆರೆಗೆರೆಯಾಗಿತ್ತು, ಹುಳುಕಡ್ಡಿ ಬೆನ್ನಿನವರೆಗೆ ಹರಡಿತ್ತು. "ಚೆನ್ನಾಗಿ ಕೆಲ್ಸ ಮಾಡ್ತದೆ ಮೇಡಂ, ಇನ್ನೊಂದ್ ಟೂಬು ಬರ್ಕೊಡಿ" ಎಂದ. ಅವನ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ಅದೇ ಕ್ರೀಮನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದ ನಮ್ಮವರೇ ಊರು ತುಂಬ ಇದ್ದರು. ಮೈ ಮೇಲೆ ಕಂಡದ್ದಕ್ಕೆಲ್ಲ ಹಚ್ಚುವುದಕ್ಕೆ ಏನಾದರೊಂದು ಕೊಟ್ಟರೆ ಮುಗಿಯಿತು ಎಂಬ ಈ ರೂಢಿಯೇ ಮುಂದೆ ನಾನು ಹೇಳುವ ಕಥೆಗೂ ತಾಯಿಬೇರು.

ಚನ್ನರಾಯಪಟ್ಟಣದಲ್ಲಿದ್ದಾಗ ಒಬ್ಬ ರೈತ ಮುಂಗೈಯಲ್ಲಿ ಹುಣ್ಣು ಮಾಡಿಕೊಂಡು ಬಂದ. ಬೆಂಕಿ ತಗುಲಿತು ಎಂದ. ಹುಣ್ಣು ನಾಣ್ಯದಷ್ಟು ದುಂಡಗಿತ್ತು. ಬೆಂಕಿ ಹಾಗೆ ಅಳತೆ ನೋಡಿ ಸುಡುವುದಿಲ್ಲ. ಅವನನ್ನು ಕಿಟಕಿಯ ಬಳಿ ನಿಲ್ಲಿಸಿ ಕಣ್ಣ ರೆಪ್ಪೆ ಎತ್ತಿದೆ. ಅರಿಶಿನ. ಕಾಮಾಲೆಗೆ ನಾಟಿ ಔಷಧಿಯವರು ಸೊಪ್ಪು ಅರೆದು ಮುಂಗೈಗೆ ಕಟ್ಟಿದ್ದರು, ಬೊಬ್ಬೆ ಎದ್ದು ಒಡೆದು ನೀರು ಹೋದರೆ ಕಾಮಾಲೆಯೂ ಹೋಯಿತು ಎಂದು. ಬೈಯುತ್ತೇನೆಂದು ಹೆದರಿ ಸುಳ್ಳು ಹೇಳಿದ್ದ. ಬೈದೆ. ಬೈದು ಹೊಟ್ಟೆಯ ಸ್ಕ್ಯಾನಿಗೆ ಕಳಿಸಿದೆ. ಪಿತ್ತನಾಳದಲ್ಲಿ ಕಲ್ಲಿತ್ತು, ತೆಗೆದರು, ಬದುಕಿದ. ಅಂದಿನಿಂದ ನಾನು ಒಂದು ಪಾಠ ಇಟ್ಟುಕೊಂಡೆ. ಕಡಿತ ಎಂದು ಬಂದವರನ್ನು ಹಗಲು ಬೆಳಕಿಗೆ ತಂದು ಕಣ್ಣು ನೋಡದೆ ಚೀಟಿ ಬರೆಯುವುದಿಲ್ಲ. ಹಾಸನದಲ್ಲಿ ನಮ್ಮ ಶಸ್ತ್ರಚಿಕಿತ್ಸೆಯ ಮುಖ್ಯಸ್ಥರು ಇದನ್ನು ನೋಡಿ ನಕ್ಕಿದ್ದರು. ಅವರನ್ನು ದೊಡ್ಡವರು ಎಂದೇ ಕರೆಯುತ್ತೇನೆ, ಎಲ್ಲರೂ ಕರೆಯುತ್ತಿದ್ದುದೂ ಹಾಗೆಯೇ. "ಏನ್ ಡಾಕ್ಟ್ರೇ, ಕಣ್ಣಿನ ವಿಭಾಗನೂ ನಿಮಗೇ ಬೇಕಾ?" ಎಂದಿದ್ದರು. ಅವರ ಕೈಗುಣದ ಬಗ್ಗೆ ನಾನು ಕೆಟ್ಟ ಮಾತಾಡಲಾರೆ. ಬಾಯಿಗುಣದ ಬಗ್ಗೆ ಆಡುತ್ತೇನೆ.

ಈಗ ರತ್ನಮ್ಮ.

ಮಲ್ಲಿಪಟ್ಟಣದ ಕಡೆಯವರು. ಗಂಡ ರಂಗಯ್ಯ, ಸ್ವಲ್ಪ ಹೊಲ, ಉಳಿದಂತೆ ಕೂಲಿ. ಮಗಳು ಸುಜಾತ ಡಿಗ್ರಿ ಮುಗಿಸಿ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದಳು. ರಂಗಯ್ಯನ ಅಣ್ಣ ಪುಟ್ಟಸ್ವಾಮಿ ಹಾಸನದಲ್ಲಿ ಗುಮಾಸ್ತರು, ಮನೆಯಲ್ಲಿ ಅವರು ಹಾಕಿದ ಗೆರೆ ಯಾರೂ ದಾಟುತ್ತಿರಲಿಲ್ಲ. ಅವರದು ಬುದ್ಧನನ್ನು ನಂಬಿದ ಮನೆ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ರಂಗಯ್ಯನ ತೀರಿಹೋದ ಅಪ್ಪ. ಆ ಎರಡೂ ಪಟಗಳನ್ನು ನಾನು ಆಮೇಲೆ ನೋಡಿದೆ.

ರತ್ನಮ್ಮನಿಗೆ ಮೊದಲು ಬಂದದ್ದು ಕಡಿತ. ಮೈಯೆಲ್ಲ ಕಡಿತ, ಗುಳ್ಳೆಯಿಲ್ಲ, ಗಾಯವಿಲ್ಲ. ಕೆರೆದುಕೊಂಡ ಉಗುರಿನ ಗೀರು ಮಾತ್ರ. ಯಾವುದೋ ಕ್ಲಿನಿಕ್ಕಿನ ಡಾಕ್ಟರು ಕುರ್ಚಿಯಿಂದ ಏಳದೆ ಕಜ್ಜಿ ಎಂದರು. ಲೋಷನ್ ಕೊಟ್ಟು, "ಇದು ಅಂಟು. ಹಾಸಿಗೆ, ಬಟ್ಟೆ ಎಲ್ಲ ಬೇರೆ ಮಾಡ್ಬೇಕು, ಬಿಸಿನೀರಲ್ಲಿ ಕುದಿಸ್ಬೇಕು" ಎಂದರು. ಕಜ್ಜಿಯಾಗಿದ್ದರೆ ಸರಿಯಾದ ಮಾತೇ. ಆದರೆ ಅದು ಕಜ್ಜಿಯಲ್ಲ. ಪಿತ್ತ ಇಳಿಯುವ ದಾರಿ ಕಟ್ಟಿಕೊಂಡು ರಕ್ತಕ್ಕೆ ಸೇರಿ ಹುಟ್ಟಿಸಿದ ಕಡಿತ. ಕಣ್ಣು ಹಳದಿಯಾಗುವ ಹೊತ್ತಿಗೆ ಬಹಳ ತಡವಾಗಿತ್ತು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಪಿತ್ತನಾಳದ ಕ್ಯಾನ್ಸರ್, ಆಪರೇಷನ್ ಆಗುವ ಹಂತ ಮೀರಿದೆ ಎಂದರು. ಪಕ್ಕೆಯ ಚರ್ಮದ ಮೂಲಕ ಲಿವರಿನೊಳಗಿನ ಪಿತ್ತನಾಳಕ್ಕೆ ಒಂದು ಪೈಪು ಇಳಿಸಿ ಪಿತ್ತ ಹೊರಗಿನ ಚೀಲಕ್ಕೆ ಬರುವಂತೆ ಮಾಡಿದರು. ಕಡಿತ ತಗ್ಗಿತು, ಕಣ್ಣು ತಿಳಿಯಾಯಿತು.

ಈ ಮಾತನ್ನೆಲ್ಲ ಅವರು ಹೇಳಿದ್ದು ಯಾರಿಗೆ? "ಪೇಷಂಟ್ ಕಡೆಯವರು ಯಾರು, ಹೊರಗೆ ಬನ್ನಿ" ಎಂದು ಕರೆದು ವರಾಂಡದಲ್ಲಿ ನಿಂತ ಇಬ್ಬರು ಗಂಡಸರಿಗೆ, ರಂಗಯ್ಯನಿಗೆ ಮತ್ತು ಅವನ ಅಣ್ಣನಿಗೆ. ನಮ್ಮ ಆಸ್ಪತ್ರೆಗಳಲ್ಲಿ ಖಾಯಿಲೆ ಇರುವುದು ಹಾಸಿಗೆಯ ಮೇಲೆ, ಅದರ ಹೆಸರು ಇರುವುದು ವರಾಂಡದಲ್ಲಿ. ರತ್ನಮ್ಮನಿಗೆ "ಕಲ್ಲಿತ್ತು, ಪೈಪ್ ಹಾಕವ್ರೆ, ಸರಿಹೋಯ್ತದೆ" ಎಂದರು. ಸುಜಾತಳಿಗೂ ಅಷ್ಟೇ. ಹೆಣ್ಣುಮಗಳು, ಅತ್ತುಬಿಟ್ಟರೆ ಅಮ್ಮನಿಗೆ ಗೊತ್ತಾಗಿಬಿಡುತ್ತದಂತೆ.

ಸ್ವಲ್ಪ ಕಾಲಕ್ಕೆ ಪೈಪು ಹೊರಬರುವ ತೂತಿನ ಸುತ್ತ ಕೆಂಪಗೆ ಗಂಟು ಎದ್ದಿತು. ನಮ್ಮಲ್ಲಿ ಡ್ರೆಸಿಂಗಿಗೆ ಬರುತ್ತಿದ್ದರು. ಗಾಯದ ಬಾಯಲ್ಲಿ ಮಾಂಸ ಬೆಳೆದಿದೆ ಎಂದು ಶಸ್ತ್ರಚಿಕಿತ್ಸೆಯವರು ಅದಕ್ಕೆ ಮೈಲುತುತ್ತ ಮುಟ್ಟಿಸಿ ಸುಟ್ಟರು. ಮತ್ತೆ ಬೆಳೆಯಿತು, ಮತ್ತೆ ಸುಟ್ಟರು. ಪೈಪು ಹೋದ ದಾರಿಯಲ್ಲೇ ಕ್ಯಾನ್ಸರ್ ಚರ್ಮಕ್ಕೆ ನಡೆದುಬಂದಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಎದೆಯ ಮೇಲೊಂದು, ನೆತ್ತಿಯ ಮೇಲೆ ಎರಡು ಗಂಟು ಎದ್ದಾಗ ಒಬ್ಬ ಕಿರಿಯ ಡಾಕ್ಟರು ಮೊಬೈಲಿನಲ್ಲಿ ಫೋಟೋ ಹೊಡೆದು ನನಗೆ ಕಳಿಸಿದ. ಕೆಳಗೆ ಬರೆದಿದ್ದ: ಕೊಬ್ಬಿನ ಗಂಟು ಇರಬಹುದು ಮೇಡಂ, ಹಚ್ಚಲು ಏನು ಕೊಡಲಿ? ನಾನು ಅವನಿಗೆ ಫೋನ್ ಮಾಡಿ, "ಫೋಟೋಗೆ ಕೈ ಇದೆಯೇನಪ್ಪಾ? ನಿನಗಿದೆಯಲ್ಲ? ಮುಟ್ಟಿದೆಯಾ?" ಎಂದು ಕೇಳಿದೆ. ಮುಟ್ಟಿರಲಿಲ್ಲ.

ರತ್ನಮ್ಮನನ್ನು ನಾನು ಕಂಡದ್ದು ಹೀಗೆ. ಒಳಗೆ ಬಂದವರು ಸ್ಟೂಲಿನ ಮೇಲೆ ತಮ್ಮದೇ ಟವೆಲು ಹಾಸಿ, ಅದರ ಮೇಲೆ ಕೂತರು. ಜೊತೆಗೆ ಬಂದ ಮಗಳಿಗೆ "ಅಲ್ಲೇ ನಿಂತ್ಕಳೇ, ಅತ್ರ ಬರಬ್ಯಾಡ" ಎಂದರು. ಸುಜಾತ ಬಾಗಿಲಲ್ಲೇ ನಿಂತಳು. ಅಮ್ಮನ ಬಟ್ಟೆಚೀಲ ಹಿಡಿದಿದ್ದ ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡಿದ್ದಳು. ಅದನ್ನು ಹಾಕಿಸಿದ್ದೂ ರತ್ನಮ್ಮನೇ. ನಾನು ನೆತ್ತಿಯ ಗಂಟಿನ ಮೇಲೆ ಬೆರಳಿಟ್ಟೆ. ತಲೆ ಹಿಂದಕ್ಕೆ ಎಳೆದುಕೊಂಡರು.

"ಮುಟ್ಬ್ಯಾಡಿ ಡಾಕ್ಟ್ರವ್ವ. ಅಂಟು."

"ಯಾರು ಹೇಳಿದ್ದು?"

"ಮೊದ್ಲೇ ಏಳಿದ್ರಲ್ಲ, ಕಜ್ಜಿ ಅಂದಾಗ. ಅದೇ ಈಗ ಗಂಟಾಗಿ ಕುಂತದೆ. ನಾನು ಉಸಾರಾಗಿವ್ನಿ. ತಟ್ಟೆ, ಲ್ವಾಟ, ಚಾಪೆ ಎಲ್ಲಾ ಬ್ಯಾರೆ ಮಾಡ್ಕಂಡಿವ್ನಿ. ಮಗಳ್ನ ಪಕ್ಕದಾಗೆ ಮನಗಿಸ್ಕಳಲ್ಲ."

ಗಂಟು ಒಣ ಬಟಾಣಿಯಷ್ಟು ಗಟ್ಟಿ. ನೋವಿಲ್ಲ, ಬಿಸಿಯಿಲ್ಲ. ಒಳಗಿನಿಂದ ಬಂದದ್ದು ಎಂದು ಬೆರಳಿಗೆ ಗೊತ್ತಾಯಿತು. ಆದರೂ ಸಾಕ್ಷಿ ಬೇಕು. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇನೆ ಎಂದೆ. ಒಪ್ಪಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಬೇಗ ವಾಸಿಯಾಗಂಗೆ ಏನಾದ್ರೂ ಕೊಡಿ ಡಾಕ್ಟ್ರವ್ವ. ಮಗಳಿಗೆ ಗಂಡು ಗೊತ್ತು ಮಾಡಿವಿ, ಚನ್ನರಾಯಪಟ್ಣದ ಕಡೆಯೋರು. ಇದ್ನ ನೋಡಿದ್ರೆ ಚರ್ಮದ್ ಕಾಯ್ಲೆ ಮನೆ ಅಂದ್ಬುಡ್ತಾರೆ. ಇದು ಓಗ್ಲಿ ಅಂತ ಮದ್ವೆ ಮುಂದಕ್ಕಾಕಿವ್ನಿ. ಬಾವನೂ ಅಂಗೇ ಮಾಡು ಅಂದವ್ರೆ."

ರಿಪೋರ್ಟು ಬಂತು. ಪಿತ್ತನಾಳದಲ್ಲಿದ್ದ ಅದೇ ಕ್ಯಾನ್ಸರು. ಚರ್ಮಕ್ಕೆ ಹೀಗೆ ಹರಡಿದ ಮೇಲೆ ಉಳಿದಿರುವ ಕಾಲ ತಿಂಗಳುಗಳಲ್ಲಿ, ಅದೂ ಕೆಲವೇ ತಿಂಗಳುಗಳಲ್ಲಿ. ಈ ಹೆಂಗಸು ಯಾವುದು ಹೋಗಲಿ ಎಂದು ಕಾಯುತ್ತಿದ್ದಳೋ ಅದು ಹೋಗುವಂಥದ್ದಲ್ಲ. ಕಾಯುತ್ತ ಕೂತರೆ ಮಗಳ ಮದುವೆ ಅವಳಿಗೆ ಸಿಗುವುದಿಲ್ಲ. ಇದು ಗೊತ್ತಿದ್ದ ಮನೆಯವರು ಬಾಯಿ ಹೊಲಿದುಕೊಂಡು ಕೂತಿದ್ದರು.

ಪುಟ್ಟಸ್ವಾಮಿಯವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಕೆಟ್ಟ ಮನುಷ್ಯನಲ್ಲ. ಅದೇ ನನಗೆ ಇನ್ನೂ ಸಿಟ್ಟು. ಕೆಟ್ಟವನಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

"ಆಯಮ್ಮನಿಗೆ ಹೇಳ್ಬೇಡಿ ಮೇಡಂ, ಎದೆ ಒಡ್ಕೊಂಡ್ಬಿಡ್ತಾಳೆ. ಏನಾದ್ರೂ ಆಯಿಂಟ್‌ಮೆಂಟ್ ಕೊಡಿ, ಸಮಾಧಾನಕ್ಕೆ" ಎಂದರು.

"ಅವರು ಬೇರೆ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ, ಗೊತ್ತಾ ನಿಮಗೆ?"

"ಆಯಮ್ಮನೇ ಮಾಡ್ಕೊಂಡಿರೋದು. ನಾವ್ಯಾರೂ ಹಾಗಿರು ಅಂದಿಲ್ಲ."

"ಅಂಟಲ್ಲ ಅಂತಾದರೂ ಹೇಳಬಹುದಿತ್ತಲ್ಲ?"

"ಅಂಟಲ್ಲ ಅಂದ್ರೆ ಮತ್ತೇನು ಅಂತ ಕೇಳ್ತಾಳೆ. ಏನಂತ ಹೇಳೋಣ ಮೇಡಂ?"

ಎಷ್ಟು ಸಲೀಸಾಗಿ ಹೇಳಿದರು! ಒಂದು ಸುಳ್ಳು ಉಳಿಸಿಕೊಳ್ಳುವುದಕ್ಕೆ ಆ ಹೆಂಗಸನ್ನು ತನ್ನ ಅಡುಗೆಮನೆಯಿಂದ, ಮಗಳ ಪಕ್ಕದಿಂದ ಹೊರಗಿಟ್ಟಿದ್ದರು. ಮದುವೆಯ ಮಾತು ತೆಗೆದೆ. "ಎಲ್ಲಾ ಮುಗಿದ ಮೇಲೆ ಮಾಡೋಣ ಅಂತ. ಮನೇಲಿ ಹೀಗಿರುವಾಗ ಹೇಗೆ ಮೇಡಂ?" ಎಂದರು. ಎಲ್ಲ ಮುಗಿದ ಮೇಲೆ ಅಂದರೆ ಅವಳು ಸತ್ತ ಮೇಲೆ. ನನ್ನ ಧ್ವನಿ ವರಾಂಡದ ಕೊನೆಯವರೆಗೆ ಕೇಳಿತೆಂದು ಆಮೇಲೆ ನರ್ಸು ಹೇಳಿದಳು.

ದೊಡ್ಡವರು ನನ್ನನ್ನು ಕೋಣೆಗೆ ಕರೆಸಿದರು. "ಫ್ಯಾಮಿಲಿ ಬೇಡ ಅಂತಿದೆ. ನಿಮ್ಮದು ಚರ್ಮ, ಚರ್ಮಕ್ಕೆ ಏನು ಬೇಕೋ ಬರೆದು ಕಳಿಸಿ."

"ಏನು ಬರೀಲಿ ಸರ್? ಪಿತ್ತನಾಳದ ಕ್ಯಾನ್ಸರಿಗೆ ಹಚ್ಚೋ ಮುಲಾಮಿನ ಹೆಸರು ಹೇಳಿ, ಈಗಲೇ ಬರೀತೀನಿ."

"ಹೇಳಿದ್ರೆ ಅವಳಿಗೆ ಏನು ಸಿಗುತ್ತೆ? ಔಷಧಿ ಇದೆಯಾ ನಿಮ್ಮ ಹತ್ರ?"

"ಮಗಳ ಮದುವೆ ಸಿಗುತ್ತೆ ಸರ್."

ಅವರು ಫೋನ್ ಎತ್ತಿಕೊಂಡರು. ಅವರ ಮಾತು ಮುಗಿಯಿತು ಎನ್ನುವುದಕ್ಕೆ ಅದೇ ಗುರುತು. ನಾನು ಎದ್ದು ಬಂದೆ.

ಹೊಸಬರೇ, ಇಲ್ಲಿ ಗಮನವಿಟ್ಟು ಓದಿ. ಸಿಟ್ಟಿನಲ್ಲಿ ಹೋಗಿ ರೋಗಿಯ ತಲೆಯ ಮೇಲೆ ಸತ್ಯವನ್ನು ಸುರಿಯಬಾರದು. ತಿಳಿಯಬೇಕೋ ಬೇಡವೋ ಎಂದು ಅವರನ್ನೇ ಕೇಳಬೇಕು. ಬೇಡ ಎಂದರೆ ಬಾಯಿ ಮುಚ್ಚಿಕೊಂಡಿರಬೇಕು. ಚೂರು ತೆಗೆದ ಜಾಗದ ಹೊಲಿಗೆ ಬಿಚ್ಚಲು ರತ್ನಮ್ಮ ಬಂದ ದಿನ ಬಾಗಿಲು ಹಾಕಿಸಿ, ಸ್ಟೂಲು ಹತ್ತಿರ ಎಳೆದುಕೊಂಡು ಕೂತೆ.

"ರತ್ನಮ್ಮ, ಪರೀಕ್ಷೆಯಲ್ಲಿ ಏನು ಬಂದಿದೆ ಅಂತ ನಿಮಗೆ ಹೇಳಲಾ? ಇಲ್ಲ, ನಿಮ್ಮ ಭಾವನವರ ಹತ್ತಿರವೇ ಮಾತಾಡಲಾ?"

ನನ್ನ ಮುಖವನ್ನೇ ನೋಡಿದರು. "ಮೈ ನಂದಲ್ವಾ ಡಾಕ್ಟ್ರವ್ವ? ಬಾವಂದಾ?"

ಹೇಳಿದೆ. ಪಿತ್ತ ಹರಿಯುವ ನಾಳದಲ್ಲಿ ಕ್ಯಾನ್ಸರ್ ಎದ್ದಿದ್ದು, ಅದೇ ಚರ್ಮಕ್ಕೆ ಬಂದಿರುವುದು, ಇದು ವಾಸಿಯಾಗದು, ನೋವಿಗೆ ಕಡಿತಕ್ಕೆ ಖಂಡಿತ ಔಷಧಿ ಇದೆ, ಕಾಲ ಹೆಚ್ಚಿಲ್ಲ. ಸಣ್ಣ ಸಣ್ಣ ಮಾತಿನಲ್ಲಿ, ನಡುವೆ ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಅಳುತ್ತಾರೆಂದು ಕಾದೆ. ಅವರು ಕೇಳಿದ್ದು ಒಂದೇ.

"ಅಂಗಾದ್ರೆ ಇದು ಅಂಟಲ್ವಾ?"

"ಅಲ್ಲ. ಯಾರಿಗೂ ಅಂಟುವುದಿಲ್ಲ. ಮೊದಲಿನಿಂದಲೂ ಅಂಟಲ್ಲ."

ಆಗ ಅತ್ತರು. ಅತ್ತು ಮುಗಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಮ್ ಮಾವ ಇದ್ರಲ್ಲ," ಎಂದು ತೀರಿಹೋದ ರಂಗಯ್ಯನ ಅಪ್ಪನ ಮಾತೆತ್ತಿದರು. "ಓಟ್ಲಲ್ಲಿ ನಮ್ ಜನಕ್ಕೆ ಬ್ಯಾರೆ ಲ್ವಾಟ ಮಡಗಿದ್ರು ಅಂತ ಒಳಕ್ಕೆ ನುಗ್ಗಿ ಕುಂತು ಏಟು ತಿಂದೋರು. ಆವಯ್ಯನ್ ಮನೇಲಿ ನನ್ ಕೈಯ್ಯಾರೆ ನಾನೇ ಬ್ಯಾರೆ ಲ್ವಾಟ ಮಡೀಕಂಡಿವ್ನಲ್ಲ ಡಾಕ್ಟ್ರವ್ವ. ಆವಯ್ಯನ್ ಮಕ್ಳಿಬ್ರೂ ನೋಡ್ತಾ ಕುಂತಿದ್ರಲ್ಲ."

ಅವರೇ ಎದ್ದು ಬಾಗಿಲು ತೆಗೆದರು. ರಂಗಯ್ಯ ಹೊರಗೆ ಬೆಂಚಿನ ಮೇಲೆ ಕೂತಿದ್ದ.

"ನಿಂಗೂ ಗೊತ್ತಿತ್ತಾ?"

ರಂಗಯ್ಯ ತಲೆ ತಗ್ಗಿಸಿದ. "ಅಣ್ಣ ಏಳ್ಬ್ಯಾಡ ಅಂದ ಕಣಮ್ಮಿ."

"ನಿಮ್ಮಣ್ಣನ್ನ ಕಟ್ಕಂಡಿದ್ನಾ ನಾನು?" ಎಂದರು. ಬೆಂಚಿನಲ್ಲಿ ಕೂತಿದ್ದ ಬೇರೆ ರೋಗಿಗಳೆಲ್ಲ ತಿರುಗಿ ನೋಡಿದರು. ನನಗಿಂತ ಸಿಡುಕಿನ ಹೆಂಗಸು ಹಾಸನ ಜಿಲ್ಲೆಯಲ್ಲಿದ್ದಾಳೆಂದು ಅಂದು ಗೊತ್ತಾಯಿತು. ದೂರದ ಕಂಬಕ್ಕೆ ಒರಗಿ ನಿಂತಿದ್ದ ಸುಜಾತಳನ್ನು ಕೂಗಿ ಕರೆದರು. ಅವಳು ಅಭ್ಯಾಸದಂತೆ ನಾಲ್ಕು ಮಾರು ಹಿಂದೆಯೇ ನಿಂತಳು. "ಬಾರೇ ಅತ್ರ" ಎಂದು ಕೈ ಹಿಡಿದು ಎಳೆದು, ಆ ಕೈಯ ಗ್ಲೌಸು ಕಿತ್ತು ಬಿಸಾಡಿದರು. ಅಲ್ಲೇ, ಅಷ್ಟು ಜನರ ಮಧ್ಯೆ, ಖಾಯಿಲೆಯ ಹೆಸರನ್ನು ಮಗಳಿಗೆ ತಾವೇ ಹೇಳಿದರು.

ಪುಟ್ಟಸ್ವಾಮಿಯವರು ಆಸ್ಪತ್ರೆಗೆ ದೂರು ಕೊಟ್ಟರು. ದೊಡ್ಡವರು ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, ಹೆಂಗಸರಿಗೆ ಭಾವನೆ ಹೆಚ್ಚು, ವಿವೇಚನೆ ಕಡಿಮೆ ಎಂಬರ್ಥದ ಮಾತಾಡಿದರು. ಗಾಯದ ಬಾಯನ್ನು ಅಷ್ಟು ಸಲ ಸುಟ್ಟರೂ ಒಂದು ಚೂರು ಪರೀಕ್ಷೆಗೆ ಕಳಿಸದ ವಿವೇಚನೆ ಯಾರದು ಸರ್ ಎಂದು ನಾನೂ ಎಲ್ಲರ ಮುಂದೆಯೇ ಕೇಳಿದೆ. ಆ ಮಾತಿನಿಂದ ನನಗೆ ಆದದ್ದನ್ನು ಬರೆಯುವುದಿಲ್ಲ. ಡ್ರೆಸಿಂಗ್ ಕೋಣೆಯಲ್ಲಿ ಮಾತ್ರ ಒಂದು ಬದಲಾವಣೆಯಾಯಿತು. ಹೀಗೆ ಪೈಪು ಹಾಕಿದವರ ಗಂಟನ್ನು ಪರೀಕ್ಷೆಗೆ ಕಳಿಸದೆ ಸುಡುವುದು ನಿಂತಿತು.

ಮದುವೆಗೆ ಹತ್ತಿರದ ದಿನವೇ ಗೊತ್ತಾಯಿತು. ಮನೆಯ ಮುಂದೆ ಚಪ್ಪರ, ಬುದ್ಧನ ಪಟದ ಮುಂದೆ ಹಾರ ಬದಲಾಯಿಸುವ ಸರಳ ಮದುವೆ. ನನಗೂ ಕರೆ ಬಂತು, ಮಲ್ಲಿಪಟ್ಟಣಕ್ಕೆ ಹೋದೆ. ರತ್ನಮ್ಮ ಸೊರಗಿದ್ದರು, ಕಣ್ಣು ಮತ್ತೆ ಹಳದಿಯಾಗಿತ್ತು. ತಲೆಗೆ ಸೆರಗು ಹೊದೆದಿರಲಿಲ್ಲ. ನೆತ್ತಿಯ ಗಂಟುಗಳು ಎಲ್ಲರಿಗೂ ಕಾಣುತ್ತಿದ್ದವು. ಗಂಡಿನ ಕಡೆಯ ಒಬ್ಬ ಹೆಂಗಸು ನೋಡಿ ನೋಡಿ, ತಡೆಯಲಾರದೆ ಕೇಳಿದಳು, "ಅದೇನು ಬೀಗಿತ್ತಿ ತಲೆ ಮ್ಯಾಲೆ?"

"ಕ್ಯಾನ್ಸರ್ ಕಣವ್ವ. ಅಂಟಕಿಲ್ಲ. ಬೇಕಾರೆ ಮುಟ್ ನೋಡು" ಎಂದು ರತ್ನಮ್ಮ ತಲೆ ಬಗ್ಗಿಸಿದರು. ಹುಡುಗನ ತಾಯಿ ಬಂದು ನೆತ್ತಿ ಸವರಿ, ಅವರ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಉಂಡರು. ಪುಟ್ಟಸ್ವಾಮಿಯವರು ಬಡಿಸುತ್ತಿದ್ದರು. ನನ್ನ ಎಲೆಗೆ ಪಾಯಸ ಹಾಕುವಾಗ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಸ್ವಲ್ಪ ಕಾಲಕ್ಕೆ ರತ್ನಮ್ಮ ತೀರಿಕೊಂಡರು. ಸುಜಾತ ನನ್ನನ್ನು ಕಾಣಲು ಬಂದಳು. ಕೃತಜ್ಞತೆ ಹೇಳಲು ಬಂದಿರಬೇಕು ಎಂದುಕೊಂಡೆ, ಎರಡು ಒಳ್ಳೆಯ ಮಾತಿಗೆ ತಯಾರಾಗಿಯೂ ಕೂತೆ.

"ಗೊತ್ತಾದ ದಿನದಿಂದ ಅಮ್ಮ ನನ್ ಪಕ್ಕದಲ್ಲೇ ಮಲಗ್ತಿದ್ರು ಡಾಕ್ಟ್ರೇ. ಮದ್ವೆ ಆದ್ಮೇಲೂ ಅತ್ತೆ ಮನೇಲಿ ಕೇಳ್ಕೊಂಡು ಬಂದು, ಕೊನೇವರ್ಗೂ ಅಮ್ಮನ ಜೊತೇಲೇ ಮಲಗಿದ್ದೆ. ಮೇಲೆ ಕೈ ಹಾಕ್ಕೊಂಡು ಮಲಗ್ತಿದ್ರು."

ಅಷ್ಟು ಹೇಳಿ ನನ್ನ ಮುಖ ನೋಡಿದಳು.

"ಅಷ್ಟು ತಿಂಗಳು ದೂರ ಮಲಗಿದ್ರಲ್ಲ. ಆ ದೊಡ್ಡಾಸ್ಪತ್ರೇಲಿ ಮೊದಲ ದಿನಾನೇ ಅಮ್ಮಂಗೆ ಹೇಳಿದ್ದಿದ್ರೆ, ಅದೆಲ್ಲಾ ನಂಗೆ ಸಿಗ್ತಿತ್ತು. ಅಲ್ವಾ ಡಾಕ್ಟ್ರೇ?"

"ಸಿಗುತ್ತಿತ್ತು" ಎಂದೆ.